ಸರ್ಕಾರಿ ಕಾಮಗಾರಿಗಳಲ್ಲಿ ತಪಶೀಲು ಮತ್ತು ಒಪ್ಪಿಗೆ

ಸಾರ್ವಜನಿಕರ ಹಣದಿಂದ ಒಂದು ಕಾಮಗಾರಿ ನಡೆದಾಗ ಜನರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಎಷ್ಟು ಹಣ ಮಂಜೂರಾಯಿತು? ಕೆಲಸ ಮುಗಿಯಿತೆ? ಇವೆರಡೂ ಕೇಳತಕ್ಕ ಪ್ರಶ್ನೆಗಳೇ ಸರಿ. ಆದರೆ ಇವುಗಳಿಗಿಂತ ಮೊದಲೇ ಹುಟ್ಟಬೇಕಾದ ಇನ್ನೊಂದು ಪ್ರಶ್ನೆಯುಂಟು. ಗುತ್ತೇದಾರನು ಏನನ್ನು ಕೊಡಬೇಕೆಂದು ಬರವಣಿಗೆಯಲ್ಲಿ ಕೇಳಲಾಗಿತ್ತು, ಅವನು ಕೊಟ್ಟದ್ದು ಅದೇ ಹೌದೆಂದು ಯಾವ ಪರೀಕ್ಷೆಯಿಂದ ಒಪ್ಪಿಕೊಳ್ಳಲಾಯಿತು? ಇದು ಇಂಜಿನಿಯರುಗಳ ಕಚೇರಿಗೆ ಮಾತ್ರ ಸೇರಿದ ವಿಷಯವೆಂದು ಅನೇಕರು ಭಾವಿಸುತ್ತಾರೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಪ್ರಾಂತದ ತಂದೆತಾಯಿಗಳಿಗೂ ಶಿಕ್ಷಕರಿಗೂ ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗೂ ಇದು ಸಂಬಂಧಿಸಿದುದೆಂದು ತೋರಿಸಿಕೊಡುವುದೇ ಈ ಪಾಠದ ಉದ್ದೇಶ.

ಮಗ್ಗವು ಕಲಿಸುವ ಪಾಠ

ಗದ್ವಾಲದ ಸೀರೆಯ ಹೆಸರನ್ನು ಕೇಳದವರು ನಮ್ಮಲ್ಲಿ ಇಲ್ಲ. ಅದರ ಒಡಲು ಹತ್ತಿಯದು. ದಡಿ ಮತ್ತು ಸೆರಗು ಜರಿಯೊಡನೆ ಕೂಡಿದ ರೇಷ್ಮೆಯವು. ಈ ಎರಡು ಬಗೆಯ ನೂಲುಗಳನ್ನು ಮಗ್ಗದ ಮೇಲೆಯೇ ಒಂದಕ್ಕೊಂದು ಹೆಣೆದು ಕೂಡಿಸುವುದು ಆ ನೇಯ್ಗೆಯ ವೈಶಿಷ್ಟ್ಯ. ಸೀರೆ ನೇಯಿಸುವವರು ‘ಒಂದು ಒಳ್ಳೆಯ ಸೀರೆ ನೇಯ್ದುಕೊಡು’ ಎಂದಷ್ಟೇ ಹೇಳಿದರೆ, ನೇಕಾರನು ತನಗೆ ತೋಚಿದ ಬಣ್ಣದಲ್ಲಿ ನೇಯ್ದು ತಂದಾಗ ‘ಇದು ನಾವು ಬಯಸಿದ್ದಲ್ಲ’ ಎನ್ನಲು ಅವರಿಗೆ ಬಾಯಿರುವುದಿಲ್ಲ. ನೂಲು ಯಾವುದು, ಒಡಲಿನ ಬಣ್ಣವೇನು, ದಡಿಯ ಅಗಲವೆಷ್ಟು, ಸೆರಗಿನಲ್ಲಿ ಯಾವ ಬುಟ್ಟಾ ಎಂಬುದೆಲ್ಲ ಹಾಸು ಮಗ್ಗಕ್ಕೇರುವ ಮೊದಲೇ ಗೊತ್ತಾಗಿದ್ದರೆ, ಸೀರೆ ಬಂದಾಗ ಅದನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಅಳೆದು, ಕೂಡಿಕೆಯನ್ನು ಮೆಲ್ಲಗೆ ಎಳೆದು ನೋಡಿ ಒಪ್ಪಬಹುದು, ಇಲ್ಲವೆ ಹಿಂದಕ್ಕೆ ಕೊಡಬಹುದು.

ಇಲ್ಲಿ ಎರಡು ಅಂಗಗಳಿವೆ. ಮೊದಲು ಹೇಳಿದ್ದು ತಪಶೀಲು. ಕೊನೆಗೆ ನೋಡಿ ಹೇಳಿದ್ದು ಒಪ್ಪಿಗೆ. ತಪಶೀಲಿಲ್ಲದ ಒಪ್ಪಿಗೆ ಬರಿಯ ದಾಕ್ಷಿಣ್ಯ. ಪರೀಕ್ಷೆಯಿಲ್ಲದ ತಪಶೀಲು ಬರಿಯ ಕಾಗದ. ಕೇಳದೆ ಇದ್ದುದನ್ನು ಕೊಡಲಿಲ್ಲವೆಂದು ದೂರುವುದು ನ್ಯಾಯವಲ್ಲ. ಈ ಪಾಠದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ಅಳೆಯಬಹುದಾದ ಮಾತು

ಭಾರತ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 144ನೆಯ ನಿಯಮವು ಸರ್ಕಾರಿ ಖರೀದಿಯ ಮೂಲತತ್ತ್ವಗಳನ್ನು ಹೇಳುತ್ತದೆ. ಬೇಕಾದ ವಸ್ತುವಿನ ಗುಣ, ಬಗೆ, ಪರಿಮಾಣಗಳನ್ನು ಸ್ಪಷ್ಟವಾಗಿ ನಮೂದಿಸಬೇಕು. ವರ್ಣನೆಯು ಅಳತೆಗೆ ಸಿಕ್ಕುವಂತಿರಬೇಕು. ಅಗತ್ಯಕ್ಕೆ ಮೀರಿದ ಅಂಶಗಳನ್ನು ಸೇರಿಸಬಾರದು ಎಂಬುದು ಅದರ ತಾತ್ಪರ್ಯ. ಇದು ಕೇಂದ್ರ ಸರ್ಕಾರದ ನಿಯಮವಾದರೂ ಇದರ ತತ್ತ್ವ ಎಲ್ಲೆಡೆಗೂ ಸಲ್ಲುವಂಥದು.

2022ರ ಮಾರ್ಚ್ 8ರಂದು ನಮ್ಮ ನೆರೆಯ ವನಪರ್ತಿಯಲ್ಲಿ ತೆಲಂಗಾಣ ಸರ್ಕಾರವು ‘ಮನ ಊರು – ಮನ ಬಡಿ’ ಎಂಬ ಯೋಜನೆಯನ್ನು ಆರಂಭಿಸಿತು. 26,065 ಸರ್ಕಾರಿ ಶಾಲೆಗಳಲ್ಲಿ 7,289.54 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಹನ್ನೆರಡು ಬಗೆಯ ಸೌಕರ್ಯಗಳನ್ನು ಒದಗಿಸುವುದು ಅದರ ಗುರಿಯಾಗಿತ್ತು. ನೀರಿನ ಸೌಕರ್ಯವುಳ್ಳ ಶೌಚಾಲಯ, ವಿದ್ಯುತ್ತು, ಕುಡಿಯುವ ನೀರು, ಪೀಠೋಪಕರಣ, ಸುಣ್ಣಬಣ್ಣ, ದುರಸ್ತಿ, ಹಸಿರು ಹಲಗೆ, ಆವರಣ ಗೋಡೆ, ಅಡುಗೆ ಕೋಣೆ, ಹೊಸ ತರಗತಿ ಕೋಣೆ, ಪ್ರೌಢಶಾಲೆಗಳಲ್ಲಿ ಊಟದ ಶಾಲೆ, ಡಿಜಿಟಲ್ ಬೋಧನೆಯ ಸಲಕರಣೆ ಇವೇ ಆ ಹನ್ನೆರಡು. ಈ ಪಟ್ಟಿಯಲ್ಲಿರುವುದು ಕೇವಲ ಹೆಸರುಗಳು. ‘ಕುಡಿಯುವ ನೀರು’ ಎಂಬ ಎರಡು ಪದಗಳು ಗುರಿಯನ್ನು ತಿಳಿಸುತ್ತವೆ, ತಪಶೀಲನ್ನು ತಿಳಿಸುವುದಿಲ್ಲ.

ತಪಶೀಲು ಹೇಗಿರಬೇಕು? ಕುಡಿಯುವ ನೀರಿಗೆ ಭಾರತೀಯ ಮಾನಕ 10500 ಎಂಬುದು ಇದೆ. 2012ರ ಆವೃತ್ತಿಯ ಮೇರೆಗೆ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಮನ್ನು ಮೀರಬಾರದು. ಬೇರೆ ಜಲಮೂಲವೇ ಇಲ್ಲದ ಕಡೆಯಲ್ಲಿ 1.5 ಮಿಲಿಗ್ರಾಂ ಕಡೆಯ ಮಿತಿ. 100 ಮಿಲಿಲೀಟರು ನೀರಿನಲ್ಲಿ ಇ-ಕೋಲಿ ಎಂಬ ಮಲಜನ್ಯ ರೋಗಾಣು ಕಾಣಬಾರದು. ‘ಶುದ್ಧ ನೀರು ಕೊಡತಕ್ಕದ್ದು’ ಎಂದು ಬರೆದರೆ ನೋಡಲು ತಿಳಿಯಾಗಿರುವ ನೀರೆಲ್ಲ ಶುದ್ಧವೇ ಆದೀತು. ‘10500ರ ಮಿತಿಗಳೊಳಗಿರುವ ನೀರು, ಅದಕ್ಕೆ ಪ್ರಯೋಗಾಲಯದ ವರದಿ’ ಎಂದು ಬರೆದರೆ ವಾದಕ್ಕೆ ಎಡೆಯಿಲ್ಲ.

ಕಾಂಕ್ರೀಟಿಗೂ ಇದೇ ಕ್ರಮ. ಭಾರತೀಯ ಮಾನಕ 456ರ 2000ನೆಯ ವರ್ಷದ ಆವೃತ್ತಿಯಂತೆ, ಎಂ-20 ಎಂಬ ದರ್ಜೆಯೆಂದರೆ 150 ಮಿಲಿಮೀಟರಿನ ಘನಾಕಾರದ ಅಚ್ಚು 28 ದಿನಗಳ ಬಳಿಕ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡವನ್ನು ತಾಳಬೇಕೆಂದು ಅರ್ಥ. ಒಂದು ನಮೂನೆಗೆ ಮೂರು ಅಚ್ಚುಗಳು. ಆ ಮೂರರಲ್ಲಿ ಯಾವುದೂ ಸರಾಸರಿಯಿಂದ ನೂರಕ್ಕೆ 15ಕ್ಕಿಂತ ಹೆಚ್ಚು ಹಿಂದುಮುಂದಾಗಬಾರದು. ‘ಗಟ್ಟಿಯಾದ ಚಾವಣಿ’ ಎಂಬ ಮಾತನ್ನು ಯಾವ ಯಂತ್ರವೂ ಪರೀಕ್ಷಿಸಲಾರದು; ಈ ಅಂಕಿಗಳನ್ನು ಪರೀಕ್ಷಿಸಬಹುದು.

ಇನ್ನೊಂದು ಸಂಗತಿಯನ್ನೂ ನಾವು ಮರೆಯಬಾರದು. ಅಸ್ಪಷ್ಟವಾದ ಟೆಂಡರಿನಿಂದ ಹೆಚ್ಚು ನಷ್ಟ ಹೊಂದುವವನು ಪ್ರಾಮಾಣಿಕ ಗುತ್ತೇದಾರ. ಅವನು ಒಳ್ಳೆಯ ಕೆಲಸಕ್ಕೆ ತಗಲುವ ಬೆಲೆಯನ್ನು ನಮೂದಿಸುತ್ತಾನೆ. ಇನ್ನೊಬ್ಬನು ಅದೇ ಮಾತುಗಳಿಗೆ ಕೀಳಾದ ಕೆಲಸದ ಬೆಲೆಯನ್ನು ಹಾಕಿ ಟೆಂಡರನ್ನು ಗೆಲ್ಲುತ್ತಾನೆ. ಸ್ಪಷ್ಟವಾದ ತಪಶೀಲು ಇಬ್ಬರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸುತ್ತದೆ.

ಕೆಲಸದೊಡನೆ ಬರಬೇಕಾದ ಕಾಗದಗಳು

ಗುತ್ತೇದಾರನು ಕೊಡಬೇಕಾದುದು ಗೋಡೆ, ಗುಂಡಿ, ಯಂತ್ರಗಳು ಮಾತ್ರವಲ್ಲ. ಕಟ್ಟಿದ್ದು ಹೇಗಿದೆಯೋ ಹಾಗೆಯೇ ತೋರಿಸುವ ನಕ್ಷೆ, ಪರೀಕ್ಷಾ ವರದಿಗಳು, ನಡೆಸುವ ಕೈಪಿಡಿ, ಖಾತರಿ ಪತ್ರ, ಬಿಡಿಭಾಗಗಳ ಪಟ್ಟಿ ಇವೂ ಅವನ ಕೊಡುಗೆಯ ಭಾಗಗಳೇ. ನೆಲದೊಳಗೆ ಹೂತ ಕೊಳವೆ ಎಲ್ಲಿ ತಿರುಗಿದೆಯೆಂಬುದು ಮಣ್ಣು ಮುಚ್ಚಿದ ಮೇಲೆ ನಕ್ಷೆಗೆ ಮಾತ್ರ ಗೊತ್ತು. ಗೋಡೆಯೊಳಗಿನ ವಿದ್ಯುತ್ ತಂತಿಯ ದಾರಿಯೂ ಹಾಗೆಯೇ.

ಗದ್ವಾಲದ ಸಮೀಪದ ಜೂರಾಲ ಅಣೆಕಟ್ಟನ್ನು ನೆನೆಯೋಣ. ಕೃಷ್ಣೆಗೆ ಅಡ್ಡಲಾಗಿ 1981ರಲ್ಲಿ ಅದಕ್ಕೆ ಅಡಿಗಲ್ಲನ್ನಿಟ್ಟು, 1995ರಲ್ಲಿ ಅದು ಬಳಕೆಗೆ ಬಂದಿತು. ಇಂಥ ಕಟ್ಟಡಗಳ ಆಯುಸ್ಸು ಅವುಗಳನ್ನು ಕಟ್ಟಿದವರ ಉದ್ಯೋಗದ ಅವಧಿಗಿಂತ ಬಹಳ ದೀರ್ಘವಾದುದು. ಕಟ್ಟಿದವರು ನಿವೃತ್ತರಾಗುತ್ತಾರೆ, ಬಾಗಿಲುಗಳನ್ನು ಎತ್ತುವ ಇಳಿಸುವ ಕೆಲಸ ಮಾತ್ರ ಪ್ರತಿ ಮಳೆಗಾಲದಲ್ಲಿಯೂ ನಡೆಯಬೇಕು. ಆದುದರಿಂದಲೇ 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು, ದೊಡ್ಡ ಅಣೆಕಟ್ಟುಗಳ ಒಡೆತನವುಳ್ಳವರು ತಾಂತ್ರಿಕ ದಾಖಲೆಗಳನ್ನು ಸಂಗ್ರಹಿಸಿಡಬೇಕೆಂದೂ, ನಡೆಸುವ ಮತ್ತು ದುರಸ್ತಿಯ ಕೈಪಿಡಿಯನ್ನು ಹೊಂದಿರಬೇಕೆಂದೂ ವಿಧಿಸಿದೆ. ಅಣೆಕಟ್ಟಿಗೆ ಸಲ್ಲುವ ಮಾತು ಅಳತೆಯಲ್ಲಿ ಮಾತ್ರ ಕಿರಿದಾಗಿ ಶಾಲೆಯ ನೀರಿನ ಯಂತ್ರಕ್ಕೂ ಸಲ್ಲುತ್ತದೆ.

ಕಾಗದಗಳನ್ನು ಕೇಳುವ ಕ್ರಮವನ್ನು ಅಮೆರಿಕದ ರಕ್ಷಣಾ ಇಲಾಖೆಯವರು ಬಹು ವಿವರವಾಗಿ ರೂಪಿಸಿದ್ದಾರೆ. ಅಲ್ಲಿ ಕರಾರಿಗೆ 1423 ಎಂಬ ಸಂಖ್ಯೆಯ ನಮೂನೆಯೊಂದನ್ನು ಲಗತ್ತಿಸುತ್ತಾರೆ. ಗುತ್ತೇದಾರನು ಕೊಡಬೇಕಾದ ಪ್ರತಿಯೊಂದು ದಾಖಲೆಯ ಹೆಸರು, ಎಷ್ಟು ಸಲ ಕೊಡಬೇಕು, ಮೊದಲ ಸಲ ಯಾವ ದಿನ, ಯಾರಿಗೆ ಎಷ್ಟು ಪ್ರತಿ, ಪರಿಶೀಲಿಸಿ ಒಪ್ಪುವವರು ಯಾರು ಎಂಬುದು ಅದರಲ್ಲಿ ಇರುತ್ತದೆ. ಆ ದಾಖಲೆಯೊಳಗೆ ಯಾವ ಯಾವ ವಿಷಯಗಳು ಯಾವ ರೂಪದಲ್ಲಿ ಇರಬೇಕೆಂಬ ವರ್ಣನೆ ಪ್ರತ್ಯೇಕವಾಗಿರುತ್ತದೆ. ಪಟ್ಟಿಯಲ್ಲಿಲ್ಲದ ಕಾಗದವನ್ನು ಕೇಳುವಂತಿಲ್ಲ; ಪಟ್ಟಿಯಲ್ಲಿರುವುದನ್ನು ಕೊಡದಿರುವಂತಿಲ್ಲ. ಶಾಲೆಗೆ ಇಷ್ಟು ದೊಡ್ಡ ನಮೂನೆ ಬೇಕಿಲ್ಲ. ಪ್ರತಿಯೊಂದು ಕಾಗದಕ್ಕೂ ಬೆಲೆಯುಂಟು. ಅನಾವಶ್ಯಕವಾದುದನ್ನು ಕೇಳಿದರೆ ಅದರ ಖರ್ಚೂ ಟೆಂಡರಿನ ಮೊತ್ತದಲ್ಲಿಯೇ ಸೇರುತ್ತದೆ. ಯಾರು ಓದುತ್ತಾರೆ, ಏತಕ್ಕೆ ಓದುತ್ತಾರೆ ಎಂಬುದಕ್ಕೆ ಉತ್ತರವಿರುವ ಕಾಗದವನ್ನು ಮಾತ್ರ ಕೇಳುವುದು ವಿವೇಕ.

ಒಪ್ಪಿಗೆಯ ಕ್ರಮ

ಒಪ್ಪಿಗೆಯು ಒಂದು ರುಜುವಿನ ಹೆಸರಲ್ಲ, ಒಂದು ಕ್ರಮದ ಹೆಸರು. ಸಾಮಗ್ರಿ ಬಂದಾಗ ಎಣಿಸಿ, ಅಳೆದು, ತೂಗಿ, ಕಣ್ಣಾರೆ ನೋಡಬೇಕೆಂದು ಮೇಲೆ ಹೇಳಿದ ಹಣಕಾಸು ನಿಯಮಗಳೇ ವಿಧಿಸುತ್ತವೆ. ಕಟ್ಟಡದ ಕೆಲಸದಲ್ಲಿ ಅಳತೆ ಪುಸ್ತಕದಲ್ಲಿ ನಮೂದಾದ ಮೇಲೆಯೇ ಬಿಲ್ಲು ಪಾವತಿಯಾಗುವುದು ರೂಢಿ.

ಇಲ್ಲಿ ಮೂರು ಸೂತ್ರಗಳನ್ನು ನೆನಪಿಡಬೇಕು. ಒಂದನೆಯದು, ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಪರೀಕ್ಷಿಸತಕ್ಕದ್ದು. ತಳಪಾಯವನ್ನೂ ಕಾಂಕ್ರೀಟಿನೊಳಗಿನ ಕಬ್ಬಿಣವನ್ನೂ ಮುಗಿದ ದಿನ ನೋಡಲು ಸಾಧ್ಯವಿಲ್ಲ. ಎರಡನೆಯದು, ಕಾಗದಗಳು ಬಾರದೆ ಕೊನೆಯ ಕಂತು ಹೋಗಬಾರದೆಂದು ಕರಾರಿನಲ್ಲಿಯೇ ಇರತಕ್ಕದ್ದು. ಹಣ ಪೂರ್ತಿ ಪಾವತಿಯಾದ ಮೇಲೆ ನಕ್ಷೆಗಾಗಿ ಓಡಾಡುವುದು ವ್ಯರ್ಥ ಶ್ರಮ. ಮೂರನೆಯದು, ತಿರಸ್ಕರಿಸುವುದಾದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ, ಸರಿಪಡಿಸಲು ಗಡುವನ್ನು ಕೊಡತಕ್ಕದ್ದು. ಕಾರಣ ಹೇಳದ ತಿರಸ್ಕಾರವೂ ಪರೀಕ್ಷಿಸದ ಒಪ್ಪಿಗೆಯಷ್ಟೇ ಅನ್ಯಾಯ.

ಒಪ್ಪಿಗೆಯಾದ ಬಳಿಕವೂ ದೋಷ ಹೊಣೆಯ ಅವಧಿಯೆಂಬುದೊಂದು ಇರುತ್ತದೆ. ಆ ಅವಧಿಯಲ್ಲಿ ಕಾಣಿಸಿಕೊಂಡ ದೋಷವನ್ನು ಗುತ್ತೇದಾರನು ತನ್ನ ಖರ್ಚಿನಿಂದ ಸರಿಪಡಿಸಬೇಕು. ಅದು ಎಂದು ಮುಗಿಯುತ್ತದೆಂಬ ತಾರೀಖನ್ನು ಮುಖ್ಯೋಪಾಧ್ಯಾಯರ ಕೋಣೆಯ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು. ಸೋರುವ ಚಾವಣಿಯ ವಿಷಯ ಆ ದಿನದ ಹಿಂದಿನ ಮಳೆಗಾಲದಲ್ಲಿ ತಿಳಿಸಿದರೆ ಅದು ಹಕ್ಕು. ಮುಂದಿನ ಮಳೆಗಾಲದಲ್ಲಿ ತಿಳಿಸಿದರೆ ಅದು ಬರಿಯ ಬೇಡಿಕೆ.

ಭಾಷೆಯ ಪ್ರಶ್ನೆ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಅದರ ಗದ್ವಾಲ, ಆಲಂಪುರ ತಾಲೂಕುಗಳು ಮಹಬೂಬನಗರ ಜಿಲ್ಲೆಗೆ ಕೂಡಿ ಆಂಧ್ರಪ್ರದೇಶದಲ್ಲಿ ಉಳಿದವು. ಮಕ್ತಲ್ ಮತ್ತು ನಾರಾಯಣಪೇಟೆಗಳೂ ಅದೇ ಜಿಲ್ಲೆಯವಾಗಿದ್ದವು. 2014ರಿಂದ ಇವೆಲ್ಲ ತೆಲಂಗಾಣದ ಊರುಗಳು. ಗಡಿಯ ಗೆರೆ ಬದಲಾದರೂ ಮನೆಮಾತು ಬದಲಾಗಲಿಲ್ಲ. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಉಳಿದುಬಂದಿವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350-ಎ ವಿಧಿಯು ಹೇಳುತ್ತದೆ.

ಈ ವಿಧಿಗೂ ಗುತ್ತೇದಾರನ ಕರಾರಿಗೂ ಏನು ಸಂಬಂಧ? ಸಂಬಂಧವುಂಟು. ಶಾಲೆಗಳಿಗೆ ಡಿಜಿಟಲ್ ಪರದೆಯನ್ನೂ ಪಾಠಗಳನ್ನೂ ಒದಗಿಸುವ ಟೆಂಡರಿನಲ್ಲಿ ಪಾಠಗಳ ಭಾಷೆಯನ್ನು ನಮೂದಿಸದಿದ್ದರೆ, ತೆಲುಗು ಮತ್ತು ಇಂಗ್ಲಿಷ್ ಪಾಠಗಳನ್ನು ಮಾತ್ರ ತುಂಬಿಕೊಟ್ಟ ಗುತ್ತೇದಾರನು ಕರಾರನ್ನು ಚಾಚೂ ತಪ್ಪದೆ ಪಾಲಿಸಿದಂತೆಯೇ ಆಯಿತು. ಕನ್ನಡ ಶಾಲೆಯ ಮಗು ಆ ಪರದೆಯ ಎದುರಿಗೆ ಸುಮ್ಮನೆ ಕೂರಬೇಕಾಗುತ್ತದೆ. ತಪ್ಪನ್ನು ಆಗ ಯಾರ ಮೇಲೆ ಹೊರಿಸುವುದು?

‘ಕನ್ನಡದಲ್ಲಿಯೂ ಇರತಕ್ಕದ್ದು’ ಎಂದು ಬರೆದರೂ ಸಾಲದು. ಅಕ್ಷರಗಳು ಯೂನಿಕೋಡ್ ಕ್ರಮದಲ್ಲಿರಬೇಕು, ಪುಟಗಳ ಚಿತ್ರಗಳಾಗಿರಬಾರದು. ಕೊಟ್ಟ ಯಂತ್ರದಲ್ಲಿಯೇ ಒತ್ತಕ್ಷರಗಳು ಒಡೆಯದೆ ಕಾಣಬೇಕು. ಪಾಠದ ಪಾರಿಭಾಷಿಕ ಪದಗಳು ಮಕ್ಕಳ ಪಠ್ಯಪುಸ್ತಕದವೇ ಆಗಿರಬೇಕು. ಕನ್ನಡ ಬಲ್ಲ ಶಿಕ್ಷಕರೊಬ್ಬರು ಓದಿ ನೋಡಿ ರುಜು ಮಾಡಬೇಕು. ಅದೇ ರೀತಿ ನೀರಿನ ಯಂತ್ರದ ಕೈಪಿಡಿಯೂ ಬೆಂಕಿ ಆರಿಸುವ ಸಲಕರಣೆಯ ಸೂಚನೆಯೂ, ಅವುಗಳನ್ನು ಬಳಸುವವರು ಓದುವ ಭಾಷೆಯಲ್ಲಿ ಇರುವುದು ಅಲಂಕಾರವಲ್ಲ, ಅಗತ್ಯ.

ಒಂದು ಮಾದರಿ

ಉದಾಹರಣೆಗಾಗಿ, 200 ಮಕ್ಕಳಿರುವ ಒಂದು ಶಾಲೆಗೆ ನೀರು ಶುದ್ಧೀಕರಿಸುವ ಯಂತ್ರ ಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಅದರ ತಪಶೀಲನ್ನು ಹೀಗೆ ಬರೆಯಬಹುದು.

1. ಉದ್ದೇಶ: ಮಕ್ಕಳಿಗೂ ಅಡುಗೆಗೂ ಕುಡಿಯುವ ನೀರು.
2. ಪರಿಮಾಣ: ಶಾಲೆಯ ವೇಳೆಯಲ್ಲಿ ದಿನಕ್ಕೆ 500 ಲೀಟರು.
3. ಗುಣ: ಭಾರತೀಯ ಮಾನಕ 10500ರ ಮಿತಿಗಳೊಳಗೆ.
4. ಕಾಗದಗಳು: ಜೋಡಣೆಯ ನಕ್ಷೆ, ಪ್ರಯೋಗಾಲಯದ ವರದಿ, ಖಾತರಿ ಪತ್ರ, ಬಿಡಿಭಾಗಗಳ ಪಟ್ಟಿ, ಕೈಪಿಡಿ, ತಲಾ ಎರಡು ಪ್ರತಿ.
5. ಭಾಷೆ: ಕೈಪಿಡಿಯೂ ಗೋಡೆಯ ಸೂಚನಾ ಹಲಗೆಯೂ ಕನ್ನಡ ಮತ್ತು ತೆಲುಗಿನಲ್ಲಿ.
6. ಪರೀಕ್ಷೆ: ಜೋಡಿಸಿದ ಮೇಲೆ ಸತತ ಏಳು ದಿನ ನಡೆಸಿ ತೋರಿಸುವುದು, ಮೊದಲನೆಯ ಮತ್ತು ಏಳನೆಯ ದಿನದ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು.
7. ಒಪ್ಪುವವರು: ಇಂಜಿನಿಯರು, ಮುಖ್ಯೋಪಾಧ್ಯಾಯರು, ಶಾಲಾ ಸಮಿತಿಯ ಒಬ್ಬ ಸದಸ್ಯರು.
8. ದೋಷ ಕಂಡರೆ: ಲಿಖಿತ ಕಾರಣ, ಹದಿನೈದು ದಿನಗಳೊಳಗೆ ದುರಸ್ತಿ, ಮರುಪರೀಕ್ಷೆ.
9. ಕೊನೆಯ ಕಂತು: 4 ಮತ್ತು 6 ಪೂರ್ತಿಯಾದ ಬಳಿಕ.

ಇಷ್ಟಕ್ಕೂ ಒಂದು ಪುಟ ಸಾಕು. ಈ ಒಂದು ಪುಟವಿದ್ದರೆ ಗುತ್ತೇದಾರನಿಗೆ ತಾನು ಮಾಡಬೇಕಾದುದು ತಿಳಿದಿರುತ್ತದೆ, ಶಾಲೆಗೆ ತಾನು ನೋಡಬೇಕಾದುದು ತಿಳಿದಿರುತ್ತದೆ.

ಊರಿನವರ ಪಾತ್ರ

2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲಾ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ತಂದೆತಾಯಿಗಳು ಅಥವಾ ಪೋಷಕರು ಇರಬೇಕೆಂದೂ, ಅನುದಾನದ ವಿನಿಯೋಗವನ್ನು ಆ ಸಮಿತಿ ನೋಡಿಕೊಳ್ಳಬೇಕೆಂದೂ ಹೇಳುತ್ತದೆ. ತೆಲಂಗಾಣದಲ್ಲಿ 2024ರಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರನ್ನು ಮುಂದಿಟ್ಟುಕೊಂಡು ‘ಅಮ್ಮ ಆದರ್ಶ ಪಾಠಶಾಲಾ’ ಸಮಿತಿಗಳು ರಚಿತವಾದವು. 2005ರ ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ, ಸರ್ಕಾರಿ ಕಾಮಗಾರಿಯನ್ನು ಪರಿಶೀಲಿಸುವ, ಅದರ ದಾಖಲೆಗಳ ಪ್ರತಿ ಪಡೆಯುವ, ಸಾಮಗ್ರಿಯ ಪ್ರಮಾಣೀಕೃತ ನಮೂನೆಯನ್ನು ತೆಗೆದುಕೊಳ್ಳುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಉಂಟು. ಹಕ್ಕುಗಳು ಹೀಗೆ ಕಾಯಿದೆಯಲ್ಲಿವೆ. ಅವುಗಳನ್ನು ಬಳಸುವ ವೇಳೆ ಮಾತ್ರ ಕಾಮಗಾರಿ ಮುಗಿದ ಮೇಲಿನದಲ್ಲ, ಟೆಂಡರು ಸಿದ್ಧವಾಗುವಾಗಿನದು. ನಮ್ಮ ಶಾಲೆಗೆ ಬೇಕಾದುದನ್ನು, ನಮ್ಮ ಭಾಷೆಯ ಅಗತ್ಯವನ್ನೂ ಸೇರಿಸಿ, ಒಂದು ಪುಟದಲ್ಲಿ ಬರೆದು ಸಂಬಂಧಪಟ್ಟ ಕಚೇರಿಗೆ ಆ ಕಾಲದಲ್ಲಿಯೇ ಮುಟ್ಟಿಸುವ ಅಭ್ಯಾಸವನ್ನು ನಾವೆಲ್ಲರೂ ಬೆಳೆಸಿಕೊಳ್ಳಬೇಕು.

ಅಭ್ಯಾಸ

1. ‘ಗಾಳಿ ಬೆಳಕು ಚೆನ್ನಾಗಿರುವ ಕೋಣೆ’ ಎಂಬ ಮಾತನ್ನು ಅಳೆಯಬಹುದಾದ ಮೂರು ವಾಕ್ಯಗಳಾಗಿ ಬರೆಯಿರಿ.
2. ನಿಮ್ಮ ಶಾಲೆಯ ಯಾವುದಾದರೊಂದು ಸಲಕರಣೆಗೆ ಕೈಪಿಡಿ, ಖಾತರಿ ಪತ್ರಗಳು ಇವೆಯೆ? ಅವು ಯಾವ ಭಾಷೆಯಲ್ಲಿವೆ?
3. ಮುಚ್ಚಿಹೋಗುವ ಕೆಲಸಗಳ ಪಟ್ಟಿಯೊಂದನ್ನು ಮಾಡಿ, ಪ್ರತಿಯೊಂದನ್ನೂ ಯಾವ ಹಂತದಲ್ಲಿ ನೋಡಬೇಕೆಂದು ತಿಳಿಸಿರಿ.