ಡಬ್ಬಿ ತಳದ ರವೆ, ಕಪ್ಪಾದ ಬಾಳೆಹಣ್ಣು

ಅಲ್ಲ ತಾಯಿ, ಅಡಿಕೆ ತೋಟದ ನಡುವೆ ಬಾಳೆ ಬೆಳೆಯುವ ಚನ್ನಗಿರಿಯಲ್ಲಿದ್ದು, ಸಿಪ್ಪೆ ಕಪ್ಪಾಯಿತೆಂದು ಹಣ್ಣನ್ನು ಎಮ್ಮೆಗೆ ಹಾಕುತ್ತೀರಾ? ರವೆ ಕೇಕಿಗೆ ಬೇಕಾದದ್ದೇ ಅದು. ಅಷ್ಟು ಹೊತ್ತಿಗೆ ಹಣ್ಣಿನ ಪಿಷ್ಟ ಬಹುಪಾಲು ಸಕ್ಕರೆಯಾಗಿರುತ್ತದೆ.

ಹಳೇ ರವೆ ಬಲೆ ಕಟ್ಟಿದ್ದರೆ ಚೆಲ್ಲಿ. ಇಲ್ಲವಾದರೆ ಜರಡಿ ಹಿಡಿದು ಘಮ್ಮೆನ್ನುವ ತನಕ ಹುರಿಯಿರಿ. ನೀರೊಡೆದ ಬೆಲ್ಲ ಪರವಾಗಿಲ್ಲ, ಕರಗಿಸಿ ಸೋಸಿ. ಕೇಕಿನ ಮೇಲೆ ಉದುರಿಸಲು ಜಗಳೂರಿನ ತವರಿಂದ ಬಂದ ಶೇಂಗಾ ಇದ್ದರೆ, ಅದನ್ನು ಮಾತ್ರ ಒಂದೊಂದೇ ನೋಡಿ. ಬೂಷ್ಟಿನ ವಿಷ ಹುರಿದರೂ ಹೋಗುವುದಿಲ್ಲ.

3 ಹಣ್ಣು ಕಿವುಚಿ, 1 ಲೋಟ ರವೆ, ಮುಕ್ಕಾಲು ಲೋಟ ಬೆಲ್ಲ, ಅರ್ಧ ಲೋಟ ಮೊಸರು, ಕಾಲು ಲೋಟ ತುಪ್ಪ ಕಲಸಿ 20 ನಿಮಿಷ ನೆನೆಯಲು ಬಿಡಿ. ಕಾಲು ಚಮಚ ಅಡುಗೆ ಸೋಡಾ ಕೊನೆಗೆ. ಸೋಡಾ ಹಳೆಯದೇ? ಚಿಟಿಕೆಯ ಮೇಲೆ ನಿಂಬೆರಸ ಹಿಂಡಿ. ಬುಸುಗುಟ್ಟದಿದ್ದರೆ ಕೇಕೂ ಏಳುವುದಿಲ್ಲ.

ಓವನ್ ಬೇಡ. ದಪ್ಪ ತಳದ ಪಾತ್ರೆಗೆ ಎರಡು ಬೆರಳು ಉಪ್ಪು ಹಾಸಿ, 10 ನಿಮಿಷ ಕಾಯಿಸಿ, ಸ್ಟ್ಯಾಂಡಿನ ಮೇಲೆ ತುಪ್ಪ ಸವರಿದ ಡಬರಿಯಿಟ್ಟು ಮುಚ್ಚಿ. ಸಣ್ಣ ಉರಿಯಲ್ಲಿ ಸುಮಾರು 45 ನಿಮಿಷ. ನಡುವೆ ಇಣುಕಬೇಡಿ, ನಾನು ಇಣುಕಿ ಇಣುಕಿಯೇ ಮೊದಲ ಕೇಕು ಮೇಲೆ ಹಸಿ, ಕೆಳಗೆ ಇದ್ದಿಲು. ತಣಿದ ಮೇಲೆ ಕೊಯ್ದು, ಬೆಣ್ಣೆ ಸವರಿ. ದಾವಣಗೆರೆ ಜಿಲ್ಲೆಯವರಿಗೆ ಅದನ್ನೂ ಹೇಳಿಕೊಡಬೇಕೇ?