ಹಕ್ಸ್ಲಿಯ ಸುಖರಾಜ್ಯ

ಆದರ್ಶ ರಾಜ್ಯವೊಂದನ್ನು ಮನಸ್ಸಿನಲ್ಲೇ ಕಟ್ಟಿ ಓದುಗರ ಮುಂದಿಡುವುದು ಪಾಶ್ಚಾತ್ಯ ಸಾಹಿತ್ಯದಲ್ಲಿ ಬಹು ಹಳೆಯ ಪದ್ಧತಿ. ಗ್ರೀಸಿನ ಪ್ಲೇಟೋ ಈ ಕೆಲಸ ಮಾಡಿದನು. 1516ರಲ್ಲಿ ಇಂಗ್ಲೆಂಡಿನ ಸರ್ ತಾಮಸ್ ಮೋರ್ ‘ಯುಟೋಪಿಯ’ ಎಂಬ ದ್ವೀಪವನ್ನು ಕಲ್ಪಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ಈ ಪದ್ಧತಿ ತಲೆಕೆಳಗಾಯಿತು. ಮಹಾಯುದ್ಧವನ್ನೂ ಸರ್ವಾಧಿಕಾರವನ್ನೂ ದೈತ್ಯ ಕಾರ್ಖಾನೆಗಳನ್ನೂ ಕಂಡ ಲೇಖಕರು, ಅಂಥ ಆದರ್ಶ ರಾಜ್ಯ ನಿಜವಾಗಿಯೇ ಬಂದುಬಿಟ್ಟರೆ ಮನುಷ್ಯನ ಗತಿಯೇನು ಎಂದು ಕೇಳತೊಡಗಿದರು. ಹೀಗೆ ಹುಟ್ಟಿದ ಕಾದಂಬರಿಗಳಿಗೆ ವಿಮರ್ಶಕರು ‘ಡಿಸ್ಟೋಪಿಯ’ ಎನ್ನುತ್ತಾರೆ. ಕೇಡಿನ ರಾಜ್ಯದ ಕಥೆಗಳು ಎಂದು ನಾವು ಕರೆದುಕೊಳ್ಳೋಣ.

ಇವುಗಳಲ್ಲಿ ಮೂರು ಮುಖ್ಯವಾದುವು. ರಷ್ಯದ ಜಮ್ಯಾಟಿನ್ 1920–21ರಲ್ಲಿ ಬರೆದ ‘ನಾವು’ 1924ರಲ್ಲಿ ಇಂಗ್ಲಿಷಿನಲ್ಲಿ ಬಂದಿತು. ಲೇಖಕನ ಸ್ವದೇಶದಲ್ಲಿ ಅಚ್ಚಾಗಲು 1988ರವರೆಗೆ ಕಾಯಬೇಕಾಯಿತು. ಆಲ್ಡಸ್ ಹಕ್ಸ್ಲಿಯ ‘ಬ್ರೇವ್ ನ್ಯೂ ವರ್ಲ್ಡ್’ 1932ರದು. ಜಾರ್ಜ್ ಆರ್ವೆಲ್‌ನ ‘ನೈಂಟೀನ್ ಎಯ್ಟಿಫೋರ್’ 1949ರದು. (ಆರ್ವೆಲ್ ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ. ಈಟನ್ ಶಾಲೆಯಲ್ಲಿ ಅವನಿಗೆ ಕೆಲಕಾಲ ಫ್ರೆಂಚ್ ಕಲಿಸಿದವನು ಇದೇ ಹಕ್ಸ್ಲಿ!) ಆರ್ವೆಲ್‌ನ ರಾಜ್ಯ ಹೊಡೆದು ಬಡಿದು ಆಳುವಂಥದು. ಅದನ್ನು ಓದಿ ‘ನನಗೂ ಇಂಥ ರಾಜ್ಯ ಬೇಕು’ ಎನ್ನುವ ವಿದ್ಯಾರ್ಥಿ ನಮ್ಮ ತರಗತಿಯಲ್ಲಿ ಸಿಕ್ಕಲಾರನು. ಹಕ್ಸ್ಲಿಯದು ಹಾಗಲ್ಲ. ಅಲ್ಲಿ ಪ್ರಜೆಗಳೆಲ್ಲರೂ ಸುಖಿಗಳು. ಆದುದರಿಂದಲೇ ನಾನು ಅದನ್ನು ಹೆಚ್ಚು ಅಪಾಯದ ರಾಜ್ಯವೆಂದು ಎಣಿಸುತ್ತೇನೆ.

ಮೋಟಾರು ತಯಾರಕ ಹೆನ್ರಿ ಫೋರ್ಡನೇ ಅಲ್ಲಿ ಶಕಪುರುಷ. ಕಥೆ ನಡೆಯುವುದು ಫೋರ್ಡ್ ಶಕ 632ರಲ್ಲಿ. ಮಕ್ಕಳು ತಾಯ ಗರ್ಭದಲ್ಲಿ ಬೆಳೆಯುವುದಿಲ್ಲ, ಕಾರ್ಖಾನೆಯ ಸೀಸೆಗಳಲ್ಲಿ ಬೆಳೆಯುತ್ತವೆ. ಒಂದೇ ಅಂಡವನ್ನು ಒಡೆದು 96 ಅವಳಿಗಳವರೆಗೆ ತೆಗೆಯುವ ವಿದ್ಯೆ ಅವರಿಗೆ ಗೊತ್ತು. ಆಲ್ಫಾ, ಬೀಟಾ, ಗಾಮಾ, ಡೆಲ್ಟಾ, ಎಪ್ಸಿಲಾನ್ ಎಂದು ಐದು ಜಾತಿಗಳು. ಯಾವ ಜಾತಿ ಎಂಬುದು ಸೀಸೆಯಲ್ಲೇ ತೀರ್ಮಾನವಾಗುತ್ತದೆ. ಕೆಳಗಿನವರಿಗೆ ಆಮ್ಲಜನಕವನ್ನು ಕಡಮೆ ಕೊಟ್ಟು ಬುದ್ಧಿಯನ್ನು ಕುಗ್ಗಿಸುತ್ತಾರೆ. ಹುಟ್ಟಿದ ಮೇಲೆ ನಿದ್ದೆಯಲ್ಲಿ ಕಿವಿಗೆ ಪಾಠ: ನನ್ನ ಜಾತಿಯೇ ನನಗೆ ಒಳ್ಳೆಯದು, ಮೇಲಿನವರಿಗೆ ಬಹಳ ದುಡಿಮೆ, ಕೆಳಗಿನವರು ದಡ್ಡರು. ಇಷ್ಟಾದರೂ ಮನಸ್ಸಿಗೆ ಬೇಸರ ಬಂದರೆ ‘ಸೋಮ’ದ ಗುಳಿಗೆಯಿದೆ. ಹೆಸರು ನಮ್ಮ ವೇದಗಳ ಸೋಮರಸದ್ದೇ. ಹಸಿವಿಲ್ಲ, ರೋಗವಿಲ್ಲ, ಯುದ್ಧವಿಲ್ಲ, ಅರುವತ್ತರವರೆಗೂ ಯೌವನ.

ಈ ಕಥೆಯನ್ನು ರಜೆಯಲ್ಲಿ ನಮ್ಮವ್ವನಿಗೆ ಹೇಳಿದೆ. ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿ, “ಹಂಗಾದ್ರೆ ಅಲ್ಲಿ ಯಾರೂ ಉಪಾಸ ಮಲಗಾಕಿಲ್ವೇನಪ್ಪಾ? ಅದ್ರಲ್ಲೇನು ಕೇಡು?” ಎಂದಳು. ವಿಮರ್ಶೆಯ ಗ್ರಂಥಗಳಲ್ಲಿ ಈ ಪ್ರಶ್ನೆ ಇಷ್ಟು ನೇರವಾಗಿ ನನಗೆ ಸಿಕ್ಕಿಲ್ಲ. ಇದಕ್ಕೆ ಉತ್ತರ ಹೇಳಲಾರದವನು ಹಕ್ಸ್ಲಿಯ ಕಾದಂಬರಿಯ ಮೇಲೆ ಪರೀಕ್ಷೆ ಬರೆಯಬಹುದು, ಆದರೆ ಅದನ್ನು ಓದಿದಂತಾಗಲಿಲ್ಲ.

ಕಾದಂಬರಿಯೊಳಗೆ ಉತ್ತರ ಹೇಳಲು ನಿಲ್ಲುವವನು ಜಾನ್ ಎಂಬ ತರುಣ. ನಾಗರಿಕತೆಯ ಬೇಲಿಯ ಹೊರಗೆ, ನ್ಯೂ ಮೆಕ್ಸಿಕೋದ ಮೀಸಲು ಪ್ರದೇಶದಲ್ಲಿ, ಹರಿದ ಷೇಕ್ಸ್‌ಪಿಯರ್ ಸಂಪುಟವೊಂದನ್ನು ಓದಿ ಬೆಳೆದವನು. ಆಳುವವನಾದ ಮುಸ್ತಫಾ ಮಾಂಡ್‌ನಿಗೂ ಅವನಿಗೂ ನಡೆಯುವ ವಾದ ಗ್ರಂಥದ ಕೇಂದ್ರಭಾಗ. ಸುಖ ಮತ್ತು ಸ್ಥಿರತೆ ಬೇಕಾದರೆ ಸತ್ಯ, ಕಾವ್ಯ, ಶುದ್ಧ ವಿಜ್ಞಾನಗಳನ್ನು ತೆರಬೇಕು ಎಂಬುದು ಮಾಂಡ್‌ನ ವಾದ. ಅದಾದರೆ ನನಗೆ ದುಃಖಪಡುವ ಹಕ್ಕು ಬೇಕು ಎಂದು ಜಾನ್ ನಿಲ್ಲುತ್ತಾನೆ. ರೋಗ, ಹಸಿವು, ಮುಪ್ಪು ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. ಈ ಉತ್ತರವನ್ನು ಅನೇಕರು ಕೊಂಡಾಡುತ್ತಾರೆ. ನನಗೆ ಇದು ಸಾಲದು. ಹಸಿವನ್ನು ಹಕ್ಕೆಂದು ಕೇಳುವುದು ಹಸಿವು ತನ್ನ ಮನೆಯ ನೆಂಟನಲ್ಲದವನಿಗೆ ಸುಲಭ. ಜಾನ್ ಕಡೆಗೆ ತನ್ನನ್ನು ತಾನೇ ಚಾವಟಿಯಿಂದ ಹೊಡೆದುಕೊಂಡು, ನೇಣುಹಾಕಿಕೊಂಡು ಸಾಯುತ್ತಾನೆ. ಅವನ ಮುಂದೆ ಎರಡೇ ದಾರಿಗಳನ್ನಿಟ್ಟದ್ದು ಕೃತಿಯ ದೊಡ್ಡ ದೋಷವೆಂದು ಹಕ್ಸ್ಲಿಯೇ 1946ರ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ.

ನನಗೆ ಸಿಕ್ಕ ಉತ್ತರ ಆ ದೊಡ್ಡ ವಾದದಲ್ಲಿಲ್ಲ, ಬಹಳ ಹಿಂದೆ, ಎರಡನೆಯ ಅಧ್ಯಾಯದ ಶಿಶುಶಾಲೆಯಲ್ಲಿದೆ. ಎಂಟು ತಿಂಗಳ ಡೆಲ್ಟಾ ಕೂಸುಗಳ ಮುಂದೆ ಬಣ್ಣದ ಚಿತ್ರಗಳ ಪುಸ್ತಕಗಳನ್ನೂ ಗುಲಾಬಿ ಹೂಗಳನ್ನೂ ಹರಡುತ್ತಾರೆ. ಕೂಸುಗಳು ಕೇಕೆಹಾಕುತ್ತ ಅಂಬೆಗಾಲಿಟ್ಟು ಬರುತ್ತವೆ, ಪುಟಗಳನ್ನು ಮುಟ್ಟುತ್ತವೆ. ಆ ಕ್ಷಣಕ್ಕೆ ಕಿವಿ ಸೀಳುವ ಸದ್ದು. ಹಿಂದೆಯೇ ನೆಲದಿಂದ ವಿದ್ಯುತ್ತಿನ ಆಘಾತ. ಇದನ್ನು ಇನ್ನೂರು ಸಲ ಮಾಡಿದರೆ ಪುಸ್ತಕವೆಂದರೆ ಜೀವಮಾನವೆಲ್ಲ ಹೇಸಿಗೆ. ಡೆಲ್ಟಾ ಓದುತ್ತ ಕೂತರೆ ಸಮಾಜದ ಹೊತ್ತು ದಂಡ, ಕಲಿಸಿದ್ದು ಅಳಿದುಹೋಗುವ ಭಯ ಬೇರೆ. ಇವನು ದೊಡ್ಡವನಾದ ಮೇಲೆ ‘ನನಗೆ ಪುಸ್ತಕ ಬೇಡ, ನಾನು ಸುಖವಾಗಿದ್ದೇನೆ’ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಆ ಸುಖವನ್ನು ಅವನದೆಂದು ಎಣಿಸುವುದು ಹೇಗೆ? ಕೂಸಿನ ಕೈ ಪುಸ್ತಕದ ಕಡೆಗೇ ಚಾಚಿತ್ತಲ್ಲ!

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ತಾತ ಕಾಗದ ಕಂಡಲ್ಲಿ ಹೆಬ್ಬೆಟ್ಟು ಚಾಚಿದವರು. ಅಕ್ಷರ ಕೆಲವರ ಸೊತ್ತೆಂಬ ಕಟ್ಟಳೆ ಈ ದೇಶದಲ್ಲಿ ಶತಮಾನಗಳ ಕಾಲ ನಡೆಯಿತು. ಅವರವರ ಕಸುಬಿನಲ್ಲಿ ಅವರವರು ಸುಖವಾಗಿದ್ದರು ಎಂಬ ಮಾತು ಈಗಲೂ ಜಗಲಿಗಳಲ್ಲಿ ಕೇಳಿಬರುತ್ತದೆ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆಯವರ ಮೇಲೆ ದಾರಿಯಲ್ಲಿ ಸೆಗಣಿ, ಕಲ್ಲು ತೂರಿದರು. ಹಕ್ಸ್ಲಿಯ ದಾದಿಯರ ಕೈಯಲ್ಲಿ ವಿದ್ಯುತ್ತಿನ ಸನ್ನೆಯಿತ್ತು, ವ್ಯತ್ಯಾಸ ಅಷ್ಟೆ. ಅವ್ವನ ಪ್ರಶ್ನೆಗೆ ನಾನು ಹೇಳಬಲ್ಲುದಿಷ್ಟು: ಎಲ್ಲರಿಗೂ ಊಟವಿರುವುದು ಕೇಡಲ್ಲ, ಊಟದ ಬೆಲೆಯಾಗಿ ಏನನ್ನು ಬಿಡಬೇಕೆಂಬುದನ್ನು ಉಣ್ಣುವವನನ್ನು ಕೇಳದೆ ಬೇರೊಬ್ಬನು ತೀರ್ಮಾನಿಸುವುದು ಕೇಡು.

ಹೀಗೆ ತೀರ್ಮಾನಿಸುವವನು ತಾನು ಮಾತ್ರ ಏನನ್ನೂ ಓದದೆ ಇರುವುದಿಲ್ಲವೆಂಬುದು ಗಮನಾರ್ಹ. ನಿಷಿದ್ಧವಾದ ಷೇಕ್ಸ್‌ಪಿಯರನೂ ಬೈಬಲ್ಲೂ ಮಾಂಡ್‌ನಿಗೆ ಪರಿಚಿತ. ಬೈಬಲನ್ನು ಅವನು ತನ್ನ ಕೋಣೆಯ ತಿಜೋರಿಯಲ್ಲೇ ಇಟ್ಟುಕೊಂಡಿದ್ದಾನೆ. ರೇ ಬ್ರಾಡ್‌ಬರಿಯ ‘ಫ್ಯಾರನ್‌ಹೀಟ್ 451’ರಲ್ಲಿ (1953) ಪುಸ್ತಕ ಸುಡುವ ದಳದ ನಾಯಕ ಬೀಟಿ ಎಲ್ಲರಿಗಿಂತ ಹೆಚ್ಚು ಓದಿಕೊಂಡವನು. ಆರ್ವೆಲ್‌ನ ಓಬ್ರಿಯನ್, ತಾನು ನಿಷೇಧಿಸುವ ಗ್ರಂಥದ ರಚನೆಯಲ್ಲಿ ತನ್ನ ಕೈಯೂ ಇತ್ತೆನ್ನುತ್ತಾನೆ. ಈ ರಾಜ್ಯಗಳಲ್ಲಿ ಸತ್ಯ ನಾಶವಾಗಿಲ್ಲ, ಒಬ್ಬರ ಬೀಗದ ಕೈಯ ಗೊಂಚಲಿಗೆ ಸೇರಿದೆ. ಜನಕ್ಕೆ ಸತ್ಯ ಬೇಡವೆಂಬ ಮಾತನ್ನು ಆಡುವವರು ಯಾವಾಗಲೂ ಸತ್ಯ ತಿಳಿದವರೇ.

ವ್ಯಕ್ತಿತ್ವದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಜಮ್ಯಾಟಿನ್ನನ ನಾಯಕನಿಗೆ ಹೆಸರಿಲ್ಲ, ಡಿ-503 ಎಂಬ ಸಂಖ್ಯೆ ಮಾತ್ರ. ರಾಜ್ಯದ ಸ್ತುತಿಗೆಂದು ದಿನಚರಿ ಬರೆಯತೊಡಗುತ್ತಾನೆ. ಬರೆಯುತ್ತ ಬರೆಯುತ್ತ ‘ನಾವು’ ಬಿರುಕುಬಿಟ್ಟು ‘ನಾನು’ ಇಣುಕುತ್ತದೆ. ಆರ್ವೆಲ್‌ನ ವಿನ್‌ಸ್ಟನ್‌ನ ದಂಗೆ ಮೊದಲಾಗುವುದೂ ಒಂದು ಖಾಲಿ ದಿನಚರಿ ಪುಸ್ತಕದಿಂದ. ಜಾನನಿಗೆ ತನ್ನ ಸಿಟ್ಟೇನೆಂದು ಗೊತ್ತಾದದ್ದು ಷೇಕ್ಸ್‌ಪಿಯರನ ಮಾತು ಸಿಕ್ಕಿದ ಮೇಲೆ. ಮಾತಿಲ್ಲದೆ ‘ನಾನು’ ಇಲ್ಲವೆಂದು ಬಲ್ಲುದರಿಂದಲೇ ಆರ್ವೆಲ್‌ನ ಸರ್ಕಾರ ನಿಘಂಟನ್ನು ವರ್ಷವರ್ಷವೂ ತೆಳ್ಳಗೆ ಮಾಡುತ್ತದೆ.

ಮಾಂಡ್‌ನ ವಾದಕ್ಕೆ ಒಂದು ಬಲವಾದ ಆಧಾರವಿದೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಸೈಪ್ರಸ್ ದ್ವೀಪದಲ್ಲಿ 22,000 ಆಲ್ಫಾಗಳನ್ನೇ ನೆಲೆಗೊಳಿಸಿ ನೋಡಿದರಂತೆ. ಆರು ವರ್ಷದೊಳಗೆ ಅಂತರ್ಯುದ್ಧ, 19,000 ಜನ ಸತ್ತರು, ಉಳಿದವರು ನಮ್ಮನ್ನು ಮತ್ತೆ ನೀವೇ ಆಳಿ ಎಂದು ಬೇಡಿಕೊಂಡರು. ಆದರೆ ಆ ಆಲ್ಫಾಗಳೂ ಸೀಸೆಯವರೇ. ಕೀಳು ಕೆಲಸ ನಮ್ಮದಲ್ಲವೆಂದು ನಿದ್ದೆಯಲ್ಲಿ ಕಲಿತು ಬೆಳೆದವರು. ಉಂಡ ತಟ್ಟೆ ತೊಳೆಯಲು ಬಾರದವರ ಜಗಳದಿಂದ ಸ್ವತಂತ್ರ ಮನುಷ್ಯನ ಸ್ವಭಾವ ಹೇಗೆ ಸಿದ್ಧವಾಗುತ್ತದೆ? ಅದೂ ಅಲ್ಲದೆ, ಪಳಗದ ಮನಸ್ಸಿನವರನ್ನು ಕಳುಹಿಸುವ ಬೇರೆ ದ್ವೀಪಗಳೂ ಇವೆ. ಅಲ್ಲಿಗೆ ಹೋಗುವುದು ಶಿಕ್ಷೆಯಲ್ಲ, ಬಹುಮಾನವೆಂದು ಮಾಂಡನೇ ಹೇಳುತ್ತಾನೆ. ತರುಣನಾಗಿದ್ದಾಗ ಅವನೂ ಒಳ್ಳೆಯ ಭೌತವಿಜ್ಞಾನಿ. ದ್ವೀಪವೋ ಅಧಿಕಾರವೋ ಎಂದು ಕೇಳಿದಾಗ ಅಧಿಕಾರವನ್ನು ಆರಿಸಿಕೊಂಡವನು. ಕಾದಂಬರಿಯ ಕಡೆಯಲ್ಲಿ ಕವಿ ಹೆಲ್ಮ್‌ಹೋಲ್ಟ್ಸ್ ವಾಟ್ಸನ್‌ಗೂ ದ್ವೀಪ ಆರಿಸಿಕೊಳ್ಳುವ ಸರದಿ ಬರುತ್ತದೆ. ಗಾಳಿಮಳೆಯ ಕೆಟ್ಟ ಹವೆಯಿದ್ದರೆ ಚೆನ್ನಾಗಿ ಬರೆಯಲಾದೀತೆಂದು ಅವನು ಫಾಕ್‌ಲ್ಯಾಂಡನ್ನು ಒಪ್ಪಿಕೊಳ್ಳುತ್ತಾನೆ; ಪಕ್ಕದ ಕೋಣೆಯಲ್ಲಿ ಗೆಳೆಯ ಬರ್ನಾರ್ಡ್ ಹೇಗಿದ್ದಾನೆಂದು ನೋಡಲು ಎದ್ದು ಹೋಗುತ್ತಾನೆ.