ಸಣ್ಣ ಪ್ಯಾಕೆಟ್ ದಾಟಿತು, ದೊಡ್ಡದು ದಾಟಲಿಲ್ಲ

ನೆಲೆಯ ಹೆಸರನ್ನಾಗಲಿ ಉಪಕರಣಗಳ ಹೆಸರನ್ನಾಗಲಿ ಬರೆಯುವಂತಿಲ್ಲ, ಸಹಿ ಹಾಕಿ ಕೊಟ್ಟಿದ್ದೇನೆ. ಇಷ್ಟು ಹೇಳಬಹುದು: ನನ್ನ ಊರು ಹಾಸನದ ಕಡೆ, ಕೆಲಸ ಅಮೆರಿಕದ ಸೇನೆಯ ಒಂದು ನೆಲೆಯಲ್ಲಿ, ಗುತ್ತಿಗೆಯ ಮೇಲೆ ನೆಟ್‌ವರ್ಕ್ ಎಂಜಿನಿಯರ್. ಆ ನೆಲೆಯ ಜಾಲವನ್ನು ಐಪಿವಿ4ರಿಂದ ಐಪಿವಿ6ಕ್ಕೆ ಸಾಗಿಸುವ ಯೋಜನೆ ಬರೆದವನು ನಾನು. ಬದಲಾವಣೆಯ ಮರುದಿನ ಬೆಳಿಗ್ಗೆ ಆದ ಅವಾಂತರಕ್ಕೆ ಈಗಲೂ ನನ್ನ ತಲೆ ಮೇಲೇ ಗೂಬೆ ಕೂರಿಸುವವರಿದ್ದಾರೆ. ಬೆಂಗಳೂರಿನಲ್ಲಿ ಸರ್ಕಾರಿ ಜಾಲಗಳ ಮೇಲೆ ಇದೇ ಕೆಲಸ ಹಚ್ಚಿಕೊಂಡಿರುವ ಹುಡುಗರಿಗಾದರೂ ನಿಜ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಸೇನೆಗೆ ಈ ವಿಷಯದಲ್ಲಿ ಅವಸರ ಎಂದೂ ಇರಲಿಲ್ಲ. ಜಗತ್ತೆಲ್ಲ ಐಪಿವಿ4 ವಿಳಾಸ ಸಾಲದು ಎಂದು ಒದ್ದಾಡುತ್ತಿದ್ದಾಗ ಅಮೆರಿಕದ ರಕ್ಷಣಾ ಇಲಾಖೆಯ ಕೈಯಲ್ಲಿ ಸುಮಾರು 30 ಕೋಟಿ ವಿಳಾಸಗಳಿದ್ದವು. ಉಂಡವನಿಗೆ ಹಸಿವಿನ ಚಿಂತೆ ಎಲ್ಲಿಂದ ಬರಬೇಕು? 2003ರ ಜೂನ್‌ನಲ್ಲಿ ಮೊದಲ ಆದೇಶ ಬಂತು, 2008ಕ್ಕೆ ಮುಗಿಸಬೇಕು ಎಂದು. 2008ರಲ್ಲಿ ಬೆನ್ನೆಲುಬಿನ ಜಾಲದಲ್ಲಿ ಐಪಿವಿ6 ಓಡಿಸಿ ತೋರಿಸಿದರು. ಆಮೇಲೆ ಭದ್ರತೆಯ ಹೆಸರು ಹೇಳಿ ಕೈಬಿಟ್ಟರು. 2014ರ ಡಿಸೆಂಬರ್‌ನಲ್ಲಿ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ಲೇ ‘ಮತ್ತೆ ಶುರು ಮಾಡಿ’ ಎಂದು ವರದಿ ಬರೆಯಬೇಕಾಯಿತು. 2020ರ ಜೂನ್‌ನಲ್ಲಿ ಸಂಸತ್ತಿನ ಲೆಕ್ಕಪರಿಶೋಧಕರು ನೋಡಿದಾಗ ಉಪಕರಣಗಳ ಪಟ್ಟಿ, ಖರ್ಚಿನ ಅಂದಾಜು, ಅಪಾಯದ ವಿಶ್ಲೇಷಣೆ ಮೂರೂ ಪೂರ್ತಿಯಾಗಿರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಶ್ವೇತಭವನದ ಬಜೆಟ್ ಕಚೇರಿಯಿಂದ ಸುತ್ತೋಲೆ ಹೊರಟಿತು: 2025ರ ಹಣಕಾಸು ವರ್ಷ ಮುಗಿಯುವುದರೊಳಗೆ ಫೆಡರಲ್ ಜಾಲಗಳ ಉಪಕರಣಗಳಲ್ಲಿ ಕನಿಷ್ಠ ಶೇಕಡ 80ರಷ್ಟು ಐಪಿವಿ6 ಮಾತ್ರವೇ ಬಳಸುವಂತಿರಬೇಕು. ನಮ್ಮ ಮೇಲಿನವರಿಗೆ ಬಿಸಿ ತಟ್ಟಿದ್ದು ಆಗ. ಹಾಸನದಲ್ಲಿ ನಮ್ಮಮ್ಮನ ಜಿಯೋ ಸಿಮ್ಮಿನಲ್ಲಿ ಅಷ್ಟು ಹೊತ್ತಿಗೆ ಐಪಿವಿ6 ಓಡುತ್ತ ವರ್ಷಗಳೇ ಆಗಿದ್ದವು. ಜಿಯೋ 2016ರಲ್ಲಿ ಬಾಗಿಲು ತೆರೆದದ್ದೇ ಅದರ ಮೇಲೆ. ಇದನ್ನು ಆಫೀಸಿನಲ್ಲಿ ಹೇಳಿದರೆ ಯಾರೂ ನಗಲಿಲ್ಲ.

ಯೋಜನೆ ಸಾದಾ. ಮೊದಲು ಎರಡೂ ಒಟ್ಟಿಗೆ ಓಡಲಿ, ಆಮೇಲೆ ಹಳೆಯದನ್ನು ಒಂದೊಂದೇ ಕಟ್ಟಡದಿಂದ ಕಿತ್ತರಾಯಿತು. ಪಟ್ಟಿ ಮಾಡುವಾಗಲೇ ಸುಸ್ತಾದೆವು. ಎಕ್ಸೆಲ್ ಹಾಳೆಯಲ್ಲಿ ಇಲ್ಲದ ಪ್ರಿಂಟರುಗಳು, ಗೇಟಿನ ಕಾರ್ಡ್ ರೀಡರುಗಳು, ಎಸಿ ನಿಯಂತ್ರಿಸುವ ಡಬ್ಬಿಗಳು ಒಂದೊಂದಾಗಿ ಹೊರಬಂದವು. ಅದೆಲ್ಲ ಎಲ್ಲ ಕಡೆ ಇದ್ದದ್ದೇ.

ನಾನು ಪಟ್ಟು ಹಿಡಿದದ್ದು ಬೇರೆ ವಿಷಯಕ್ಕೆ. ಐಪಿವಿ4ರಲ್ಲಿ ಪ್ಯಾಕೆಟ್ ದೊಡ್ಡದಾದರೆ ದಾರಿಯಲ್ಲಿರುವ ರೂಟರ್ ಅದನ್ನು ತುಂಡು ಮಾಡಿ ಕಳಿಸಬಹುದು. ಐಪಿವಿ6ನಲ್ಲಿ ರೂಟರ್ ತುಂಡು ಮಾಡುವುದಿಲ್ಲ. ‘ಪ್ಯಾಕೆಟ್ ದೊಡ್ಡದಾಯಿತು, ಇಷ್ಟಕ್ಕೆ ಇಳಿಸು’ ಎಂದು ಕಳಿಸಿದವನಿಗೆ ಐಸಿಎಂಪಿ ಸಂದೇಶ ವಾಪಸ್ ಕಳಿಸುತ್ತದೆ. ಆ ಸಂದೇಶವನ್ನು ಫೈರ್‌ವಾಲ್ ನುಂಗಿಬಿಟ್ಟರೆ ಕಳಿಸಿದವನಿಗೆ ಏನೂ ತಿಳಿಯುವುದಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬಹುದು ಎಂದು 2007ರಲ್ಲೇ ಬಂದ ಆರ್‌ಎಫ್‌ಸಿ 4890 ಬಿಡಿಸಿ ಹೇಳಿದೆ. ಅದನ್ನು ಪ್ರಿಂಟ್ ತೆಗೆದು ಸಭೆಗೆ ಒಯ್ದಿದ್ದೆ.

ಭದ್ರತಾ ವಿಭಾಗದ ಮುಖ್ಯಸ್ಥರು ನಿವೃತ್ತ ಕರ್ನಲ್. ಕಾಗದ ಮುಟ್ಟಲೂ ಇಲ್ಲ. ಐಸಿಎಂಪಿ ಎಂದರೆ ದಾಳಿ ಮಾಡುವವನಿಗೆ ನಾವೇ ಬಾಗಿಲು ತೆರೆದಂತೆ, ಇಷ್ಟು ವರ್ಷ ಮುಚ್ಚಿಟ್ಟಿದ್ದೇವೆ, ಮುಂದೆಯೂ ಮುಚ್ಚಿಯೇ ಇರುತ್ತದೆ ಎಂದರು. ಐಪಿವಿ4ರ ನಿಯಮಗಳನ್ನೇ ನಕಲು ಮಾಡಿ ಹಾಕಿ ಎಂದು ಅಪ್ಪಣೆಯಾಯಿತು. ನಿಗಾ ಇಡಲು ಬೇಕೆಂದು ಪಿಂಗ್ ಒಂದನ್ನು ಬಿಟ್ಟರು. ಕರ್ನಲ್ ಆಗಿದ್ದವರ ಎದುರು ಮಾತಾಡುವ ರೂಢಿ ಆ ಕೋಣೆಯಲ್ಲಿ ಯಾರಿಗೂ ಇಲ್ಲ. ಸಭೆಯ ನಡಾವಳಿಯಲ್ಲಿ ನನ್ನ ಮಾತು ‘ಐಸಿಎಂಪಿ ಬಗ್ಗೆ ಚರ್ಚಿಸಲಾಯಿತು’ ಎಂಬ ಒಂದು ಸಾಲಾಗಿ ಕುಳಿತಿತು.

ಭಾನುವಾರ ರಾತ್ರಿ ಬದಲಾವಣೆ. ಮೊಬೈಲು ಹೊರಗಿನ ಲಾಕರಿನಲ್ಲಿಟ್ಟು ಸರ್ವರ್ ಕೋಣೆಗೆ ಹೋದೆವು. ಪಿಂಗ್ ಮಾಡಿದೆವು, ಬಂತು. ಲಾಗಿನ್ ಪುಟ ತೆರೆದೆವು, ಬಂತು. ಪರೀಕ್ಷಾ ಪಟ್ಟಿಯಲ್ಲಿದ್ದ ಎಲ್ಲಕ್ಕೂ ಟಿಕ್ ಬಿತ್ತು. ಆ ಪರೀಕ್ಷಾ ಪಟ್ಟಿಯನ್ನು ಅಂತಿಮಗೊಳಿಸಿದ್ದೂ ಭದ್ರತಾ ವಿಭಾಗವೇ, ಅದನ್ನು ಮರೆಯಬಾರದು.

ಸೋಮವಾರ ಆರು ಗಂಟೆಗೆ ಉಗ್ರಾಣ ತೆರೆಯಿತು. ಆರೂಕಾಲಿಗೆಲ್ಲ ಹೆಲ್ಪ್‌ಡೆಸ್ಕಿನ ಫೋನು ಬಡಿದುಕೊಳ್ಳತೊಡಗಿತು. ಬಿಡಿಭಾಗಗಳ ತಂತ್ರಾಂಶ ತೆರೆಯುತ್ತದೆ, ಪಾಸ್‌ವರ್ಡ್ ತೆಗೆದುಕೊಳ್ಳುತ್ತದೆ, ಪಟ್ಟಿ ಮಾತ್ರ ಬರುವುದಿಲ್ಲ. ನಾನೇ ಹೋಗಿ ನೋಡಿದೆ. ಪರದೆಯ ಮೇಲ್ಭಾಗದಲ್ಲಿ ಸೇನೆಯ ಲಾಂಛನ ಮೂಡಿತ್ತು, ಅದರ ಕೆಳಗೆ ನೀಲಿ ಪಟ್ಟಿ, ಅದರ ಕೆಳಗೆ ಬರೀ ಬಿಳಿ. ಮೂಲೆಯಲ್ಲಿ ಚಕ್ರ ತಿರುಗುತ್ತಲೇ ಇತ್ತು. ಹೊರಗೆ ಟ್ರಕ್ಕುಗಳು ಎಂಜಿನ್ ಆರಿಸದೆ ಸಾಲುಗಟ್ಟಿ ನಿಂತಿದ್ದವು. ಉಗ್ರಾಣದ ಸಾರ್ಜೆಂಟ್ ನನ್ನ ಕೊರಳಿನ ಗುರುತಿನ ಚೀಟಿಯನ್ನು ಓದಲು ಹೆಣಗಿ, ‘ನಿನ್ನೆ ರಾತ್ರಿ ಏನೋ ಮಾಡಿದಿರಂತಲ್ಲ, ಅದು ನೀವೇನಾ?’ ಎಂದಳು. ಹೌದು ಎಂದೆ. ಅವಳು ಬೈದಿದ್ದರೆ ವಾಸಿಯಿತ್ತು. ಪೆನ್ನು ತೆಗೆದು ರಟ್ಟಿನ ಮೇಲೆ ಬಿಡಿಭಾಗಗಳ ನಂಬರನ್ನು ಕೈಯಲ್ಲೇ ಬರೆದುಕೊಳ್ಳತೊಡಗಿದಳು.

ಏನಾಗಿದೆ ಎಂದು ನನಗೆ ನಡೆದು ಬರುವ ದಾರಿಯಲ್ಲೇ ಗೊತ್ತಾಗಿತ್ತು. ಸಾಕ್ಷಿ ಬೇಕಿತ್ತಷ್ಟೆ. ಸಣ್ಣ ಪಿಂಗ್ ಕಳಿಸಿದೆ, ಬಂತು. ಅದನ್ನೇ 1,400 ಬೈಟಿಗೆ ಏರಿಸಿದೆ, ಮೌನ. ಸರ್ವರಿನ ಕಡೆಯ ಪ್ಯಾಕೆಟ್ ದಾಖಲೆ ತೆರೆದರೆ 1,500 ಬೈಟಿನ ಅದೇ ಒಂದು ಪ್ಯಾಕೆಟ್ಟು ಮತ್ತೆ ಮತ್ತೆ ಹೊರಡುತ್ತಿತ್ತು, ಪ್ರತಿ ಸಲ ಇನ್ನಷ್ಟು ತಡಮಾಡಿ. ದಾರಿಯಲ್ಲಿ ಗೂಢಲಿಪಿಯ ಸುರಂಗವಿದೆ, ಅದರೊಳಗೆ 1,500 ಹಿಡಿಸುವುದಿಲ್ಲ. ರೂಟರ್ ಪಾಪ ಪ್ರತಿ ಸಲವೂ ‘ದೊಡ್ಡದಾಯಿತು’ ಎಂದು ಹೇಳಿ ಕಳಿಸುತ್ತಿತ್ತು, ಫೈರ್‌ವಾಲ್ ಪ್ರತಿ ಸಲವೂ ಅದನ್ನು ಬಿಸಾಡುತ್ತಿತ್ತು. ಇಷ್ಟು ವರ್ಷ ಐಪಿವಿ4ರಲ್ಲಿ ಇದು ಕಾಣದೇ ಇದ್ದದ್ದಕ್ಕೂ ಕಾರಣ ಸಿಕ್ಕಿತು. ಯಾರೋ ಪುಣ್ಯಾತ್ಮ ಹಿಂದೆಂದೋ ರೂಟರಿನಲ್ಲಿ ಟಿಸಿಪಿ ತುಂಡಿನ ಗಾತ್ರ ಇಳಿಸುವ ಒಂದು ಸಾಲು ಬರೆದಿಟ್ಟು ನಿವೃತ್ತನಾಗಿದ್ದ. ಆ ಸಾಲು ಐಪಿವಿ4ಕ್ಕೆ ಮಾತ್ರ. ಬ್ರೌಸರ್ ತಾನಾಗಿಯೇ ಐಪಿವಿ4ಕ್ಕೆ ಹೊರಳಬಾರದಿತ್ತೇ ಎಂದರೆ, ಸಂಪರ್ಕ ಏರ್ಪಡದಿದ್ದಾಗ ಮಾತ್ರ ಅದು ಹೊರಳುತ್ತದೆ. ಇಲ್ಲಿ ಮೊದಲ ಸಣ್ಣ ಪ್ಯಾಕೆಟ್ಟುಗಳು ಸಲೀಸಾಗಿ ದಾಟಿ ಸಂಪರ್ಕ ಆಗಿಹೋಗಿತ್ತು.

ಮುಖ್ಯಸ್ಥರಿಗೆ ಫೋನು ಮಾಡಿದೆ. ಒಂದು ಸಾಲಿನ ನಿಯಮ ಸರ್, ಐಸಿಎಂಪಿವಿ6ನ ಎರಡನೇ ನಮೂನೆಯನ್ನು ಬಿಟ್ಟರೆ ಸಾಕು. ‘ಬದಲಾವಣಾ ಸಮಿತಿ ಗುರುವಾರ ಸೇರುತ್ತದೆ, ಅರ್ಜಿ ಹಾಕಿ’ ಎಂದರು. ಟ್ರಕ್ಕು ನಿಂತಿವೆ ಎಂದೆ. ‘ನಿಮ್ಮ ಐಪಿವಿ6 ತೆಗೆದುಬಿಡಿ’ ಎಂದರು. ಸರಿ, ಹಿಂದಕ್ಕೆ ಹೋಗೋಣ ಎಂದು ಡಿಎನ್‌ಎಸ್‌ನಿಂದ ಐಪಿವಿ6 ವಿಳಾಸಗಳನ್ನು ತೆಗೆಸಿದರೆ ಅಲ್ಲೂ ಎಡವಟ್ಟು. ಬದಲಾವಣೆಗೆ ಮುಂಚೆ ದಾಖಲೆಗಳ ಆಯಸ್ಸನ್ನು 300 ಸೆಕೆಂಡಿಗೆ ಇಳಿಸಿ ಎಂದು ಯೋಜನೆಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೆ. ಡಿಎನ್‌ಎಸ್ ನೋಡಿಕೊಳ್ಳುವವರು ಅದನ್ನು 86,400ರಲ್ಲೇ ಬಿಟ್ಟಿದ್ದರು, ಅಂದರೆ ಪೂರ್ತಿ ಒಂದು ದಿನ. ಹೆಲ್ಪ್‌ಡೆಸ್ಕಿನ ಹುಡುಗರು ಕಟ್ಟಡದಿಂದ ಕಟ್ಟಡಕ್ಕೆ ಓಡಿ ಒಂದೊಂದೇ ಕಂಪ್ಯೂಟರಿನ ನೆನಪು ಅಳಿಸಿದರು. ಮಧ್ಯಾಹ್ನದ ಹೊತ್ತಿಗೆ ನೆಲೆಯ ಕಮಾಂಡರ್‌ವರೆಗೆ ಸುದ್ದಿ ಮುಟ್ಟಿ, ಗುರುವಾರ ಸೇರಬೇಕಿದ್ದ ಸಮಿತಿ ಅರ್ಧ ಗಂಟೆಯಲ್ಲಿ ಸೇರಿತು. ನಿಯಮ ಬಿತ್ತು. ನಾವು ನೋಡುತ್ತಿದ್ದಂತೆಯೇ ಐಪಿವಿ6ನಲ್ಲೇ ಉಳಿದಿದ್ದ ಪರದೆಗಳಲ್ಲಿ ಪಟ್ಟಿ ತುಂಬಿಕೊಂಡಿತು.

ನೀವು ಈ ಕೆಲಸ ಮಾಡುವವರಾದರೆ ಕೇಳಿ. ಪಿಂಗ್ ಬಂತೆಂದು ನಂಬಬೇಡಿ, ದೊಡ್ಡ ಫೈಲೊಂದನ್ನು ಸುರಂಗದ ಆಚೆಗೆ ಕಳಿಸಿ ನೋಡಿ. ಐಪಿವಿ4ರ ಫೈರ್‌ವಾಲ್ ನಿಯಮಗಳನ್ನು ನಕಲು ಮಾಡಲು ಬಿಡಬೇಡಿ. ರೂಟರಿನ ಹಳೆಯ ಸಂರಚನೆಯಲ್ಲಿ ಅರ್ಥವಾಗದ ಸಾಲು ಕಂಡರೆ ಅದು ಯಾಕಿದೆ ಎಂದು ವಿಚಾರಿಸಿ. ಡಿಎನ್‌ಎಸ್ ಆಯಸ್ಸು ಇಳಿಸಿದ್ದಾರೆಯೇ ಎಂದು ಹಿಂದಿನ ದಿನ ನೀವೇ ಪರೀಕ್ಷಿಸಿ. ತಾರೀಖು ಗೊತ್ತುಮಾಡುವ ಮೊದಲೇ ಭದ್ರತೆಯವರಿಂದ ಲಿಖಿತ ಉತ್ತರ ಪಡೆಯಿರಿ, ‘ಆಗುವುದಿಲ್ಲ’ ಎಂದರೂ ಸರಿ, ಅವರ ಹೆಸರಿನ ಕೆಳಗೆ ಬರೆಸಿಕೊಳ್ಳಿ. ‘ಚರ್ಚಿಸಲಾಯಿತು’ ಎಂಬ ಸಾಲನ್ನು ಮಾತ್ರ ಒಪ್ಪಬೇಡಿ.

ಮುಖ್ಯಸ್ಥರು ಈಗ ಬೇರೆ ಕಡೆ ಇದ್ದಾರೆ, ಬಡ್ತಿಯ ಮೇಲೆ. ಘಟನೆಯ ವರದಿಯಲ್ಲಿ ಕಾರಣ ಎಂಬ ಕಾಲಮ್ಮಿನಲ್ಲಿ ‘ಐಪಿವಿ6 ದೋಷ’ ಎಂದು ಬರೆದಿದ್ದಾರೆ. ತಿದ್ದಿ ಎಂದು ನಾನು ಕೊಟ್ಟ ಅರ್ಜಿ ಬದಲಾವಣಾ ಸಮಿತಿಯ ಮುಂದಿದೆ.